ಗೃಹಪ್ರವೇಶಕ್ಕೆ ಮುಂಚಿನ ಹೊಗೆ

ಸಿಮೆಂಟ್ ಮೂಟೆ ಎಣಿಸೋದು ನನ್ನ ಕೆಲಸ. ಮೈಸೂರಿನಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಎಸ್ಟಿಮೇಟ್ ಬರೆಯುತ್ತೇನೆ. ಪ್ಲಾನ್ ಕೈಗೆ ಬಂದರೆ ಕಂಬಿ ಎಷ್ಟು ಟನ್, ಜಲ್ಲಿ ಎಷ್ಟು ಲೋಡು, ಎಂ-ಸ್ಯಾಂಡ್ ಎಷ್ಟು, ಸೆಂಟ್ರಿಂಗ್ ಎಷ್ಟು ಚದರ ಅಡಿ ಅಂತ ಪಟ್ಟಿ ಮಾಡಿ ಕೊಡಬೇಕು. ಮನೆ ಚಂದ ಇದೆಯಾ ಅಂತ ಯಾರೂ ನನ್ನನ್ನು ಕೇಳುವುದಿಲ್ಲ. ಹಾಗಾಗಿ ನನ್ನ ತಮ್ಮ 'ಝೀರೋ ಕಾರ್ಬನ್ ಮನೆ' ಅಂತ, ಅಂದರೆ ವಾತಾವರಣ ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಸೊನ್ನೆ ಅನ್ನುವ ಮನೆ ಅಂತ, ಒಂದು ಪಿಡಿಎಫ್ ಕಳಿಸಿ "ಅಕ್ಕಾ, ಒಂದ್ಸಲ ನೋಡಿ ಹೇಳು" ಅಂದಾಗ, ಹಸಿರು ಬಳ್ಳಿ ಇಳಿಬಿಟ್ಟ ಬಾಲ್ಕನಿ ಚಿತ್ರಗಳನ್ನೆಲ್ಲ ದಾಟಿ ಸೀದಾ ಏರಿಯಾ ಬರೆದಿರುವ ಪುಟಕ್ಕೆ ಹೋದೆ. ನೆಲಮಹಡಿ 12 ಚದರ, ಮೊದಲ ಮಹಡಿ 12 ಚದರ. ಒಟ್ಟು 24 ಚದರ (ಒಂದು ಚದರ ಅಂದರೆ ನೂರು ಚದರ ಅಡಿ). ಜೊತೆಗೆ ಒಂದು ಸಾಲು: "ಈಗಿರುವ ಕಟ್ಟಡವನ್ನು ತೆರವುಗೊಳಿಸುವುದು."

ಈಗಿರುವ ಕಟ್ಟಡ ಅಂದರೆ ಅಪ್ಪ ಎಪ್ಪತ್ತರ ದಶಕದಲ್ಲಿ ಕಟ್ಟಿಸಿದ ಮನೆ. ಸೈಜುಗಲ್ಲಿನ ಅಡಿಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ತೇಗದ ಕಿಟಕಿ, ರೆಡ್ ಆಕ್ಸೈಡ್ ನೆಲ. ಹಿಂದುಗಡೆ ಬಚ್ಚಲು ಮತ್ತು ಸೌದೆ ಕೋಣೆಗೆ ಮಂಗಳೂರು ಹೆಂಚು. ಈಗ ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ತಮ್ಮ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಇನ್ನು ಕೆಲವು ವರ್ಷಕ್ಕೆ ಮೈಸೂರಿಗೇ ಬಂದು ನೆಲೆಸಬೇಕು ಅನ್ನೋದು ಅವನ ಆಸೆ. ಆಸೆ ಒಳ್ಳೆಯದೇ. ನಾದಿನಿಗೂ ಇಷ್ಟ ಇದೆ.

ಪಿಡಿಎಫ್‌ನ ವಾದ ಸರಳ. ಮನೆಗೆ ತಿಂಗಳಿಗೆ ಸುಮಾರು 200 ಯೂನಿಟ್ ಕರೆಂಟ್ ಬೇಕು. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿದರೆ ದಿನಕ್ಕೆ ಸರಾಸರಿ 12 ಯೂನಿಟ್, ತಿಂಗಳಿಗೆ 360 ಬರುತ್ತದೆ. ಖರ್ಚಿಗಿಂತ ಉತ್ಪತ್ತಿ ಜಾಸ್ತಿ. ಆದ್ದರಿಂದ ಈ ಮನೆಯ ಕಾರ್ಬನ್ ಸೊನ್ನೆ, ಸೊನ್ನೆಗಿಂತಲೂ ಕಡಿಮೆ. ಲೆಕ್ಕದಲ್ಲಿ ಸುಳ್ಳಿಲ್ಲ. ಮೈಸೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಬಂದೇ ಬರುತ್ತದೆ. ಆದರೆ ಈ ಲೆಕ್ಕ ಶುರುವಾಗೋದು ಮೀಟರ್ ಕೂರಿಸಿದ ದಿನದಿಂದ. ನನ್ನ ಲೆಕ್ಕ ಅಷ್ಟೊತ್ತಿಗೆ ಮುಗಿದಿರುತ್ತದೆ.

ನಮ್ಮ ಕಡೆ ಪಿಲ್ಲರ್ ಹಾಕಿ ಕಟ್ಟುವ ಮನೆಗೆ ಒಂದು ಚದರಕ್ಕೆ ಹತ್ತಿರ ಹತ್ತಿರ 40 ಮೂಟೆ ಸಿಮೆಂಟ್, 400 ಕೆ.ಜಿ. ಕಂಬಿ ಅಂತ ಹಿಡಿಯುತ್ತೇವೆ. ಮಣ್ಣು ಹೇಗಿದೆ, ಡಿಸೈನ್ ಮಾಡಿದವರು ಎಷ್ಟು ಹೆದರಿದ್ದಾರೆ ಅನ್ನೋದರ ಮೇಲೆ ಆ ಕಡೆ ಈ ಕಡೆ ಆಗುತ್ತದೆ. 24 ಚದರಕ್ಕೆ 960 ಮೂಟೆ, ಒಂಬತ್ತೂವರೆ ಟನ್ ಕಂಬಿ. ಮನೆ ಕಟ್ಟಿಸಿದವರಿಗೆ ಈ ಅಂಕಿಗಳು ಹೊಸದಲ್ಲ. ಬಿಲ್ ಕಟ್ಟಿರುತ್ತಾರಲ್ಲ.

ಈಗ ಅದರ ಹಿಂದಿನ ಹೊಗೆ, ಅಂದರೆ ಇಂಗಾಲದ ಡೈಆಕ್ಸೈಡ್, ನೋಡೋಣ. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಸುಡಬೇಕು. ಸುಡಲು ಕಲ್ಲಿದ್ದಲು ಬೇಕು, ಅದರ ಹೊಗೆ ಒಂದು ಕಡೆ. ಅದಕ್ಕಿಂತ ಜಾಸ್ತಿ ಹೋಗುವುದು ಕಲ್ಲಿನೊಳಗಿಂದಲೇ. ಸುಣ್ಣದ ಕಲ್ಲು ಬಿಸಿಯಾದಾಗ ತನ್ನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಡುತ್ತದೆ. ಅರ್ಧಕ್ಕಿಂತ ಹೆಚ್ಚಿನ ಪಾಲು ಇದೇ. ಕಾರ್ಖಾನೆಯನ್ನು ಪೂರ್ತಿ ಸೋಲಾರ್‌ನಲ್ಲೇ ನಡೆಸಿದರೂ ಈ ಭಾಗ ತಪ್ಪುವುದಿಲ್ಲ. ನಮ್ಮ ದೇಶದ ಸಿಮೆಂಟ್ ಈ ವಿಷಯದಲ್ಲಿ ಪ್ರಪಂಚದ ಕೆಟ್ಟ ಸಿಮೆಂಟ್ ಏನಲ್ಲ. ಪಿಪಿಸಿ ಅಂತ ಬರುವ ಮೂಟೆಯಲ್ಲಿ ಥರ್ಮಲ್ ಪವರ್ ಸ್ಟೇಷನ್ನಿನ ಹಾರುಬೂದಿ ಬೆರೆಸಿರುತ್ತಾರೆ, ಅಷ್ಟರಮಟ್ಟಿಗೆ ಸುಟ್ಟ ಕಲ್ಲು ಕಡಿಮೆ. ಹಾಗಿದ್ದರೂ 50 ಕೆ.ಜಿ. ಮೂಟೆಗೆ 30 ಕೆ.ಜಿ. ಮೇಲೇ ಇಂಗಾಲದ ಡೈಆಕ್ಸೈಡ್. 32 ಅಂತ ಹಿಡಿದರೆ 960 ಮೂಟೆಗೆ ಮೂವತ್ತು ಟನ್ ದಾಟಿತು. ಕಂಬಿಗೆ ಟನ್ನಿಗೆ ಎರಡೂವರೆ ಟನ್ ಹಿಡಿದರೆ 24 ಟನ್. ಎರಡೂ ಸೇರಿ ಸುಮಾರು 55 ಟನ್. ಇಟ್ಟಿಗೆ ಗೂಡಿನ ಹೊಗೆ, ಟೈಲ್ಸ್, ಗಾಜು, ಯುಪಿವಿಸಿ ಕಿಟಕಿ, ಲಾರಿ ಡೀಸೆಲ್ ಇವನ್ನೆಲ್ಲ ನಾನು ಸೇರಿಸಿಲ್ಲ. ಹಳೇ ಮನೆ ಕೆಡವಿದ ಡೆಬ್ರಿಸ್ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿಲ್ಲ. ರಿಂಗ್ ರೋಡ್ ಪಕ್ಕ ನೋಡಿದವರಿಗೆ ಗೊತ್ತು.

ಇನ್ನು ಕರೆಂಟು. ನಮ್ಮ ಗ್ರಿಡ್‌ನಿಂದ, ಅಂದರೆ ವಿದ್ಯುತ್ ಜಾಲದಿಂದ, ಬರುವ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಆಸುಪಾಸು ಹೊಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷ ವರ್ಷ ಈ ಅಂಕಿ ಹೊರಡಿಸುತ್ತದೆ. "ಕರ್ನಾಟಕದಲ್ಲಿ ಶರಾವತಿ ಇದೆ, ಪಾವಗಡದ ಸೋಲಾರ್ ಪಾರ್ಕ್ ಇದೆ, ನಮ್ಮ ಕರೆಂಟು ಅಷ್ಟು ಕೆಟ್ಟದಲ್ಲ" ಅಂತ ತಮ್ಮ ಅಂದ. ನಿಜ. ಆದರೆ 2013ರ ಡಿಸೆಂಬರ್ ಕೊನೆಗೆ ರಾಯಚೂರು-ಸೊಲ್ಲಾಪುರ ಲೈನು ಜೋಡಣೆಯಾದ ಮೇಲೆ ದಕ್ಷಿಣದ ಗ್ರಿಡ್ಡೂ ದೇಶದ ಒಂದೇ ಗ್ರಿಡ್‌ಗೆ ಸೇರಿತು. ನಮ್ಮನೆ ಫ್ಯಾನಿಗೆ ಬಂದಿದ್ದು ಶರಾವತಿಯದಾ ಅಥವಾ ಬೇರೆ ರಾಜ್ಯದ ಕಲ್ಲಿದ್ದಲಿನದಾ ಅಂತ ಹೇಳೋಕೆ ಬರಲ್ಲ. ಅದಕ್ಕೇ ದೇಶದ ಸರಾಸರಿ. ತಿಂಗಳಿಗೆ 200 ಯೂನಿಟ್ ಅಂದರೆ ವರ್ಷಕ್ಕೆ 2400. ಅದರ ಹೊಗೆ 1.7 ಟನ್.

55ನ್ನು 1.7ರಿಂದ ಭಾಗಿಸಿ. ಮೂವತ್ತೆರಡು ವರ್ಷ. ಗೃಹಪ್ರವೇಶದ ಹಾಲು ಉಕ್ಕುವ ಮೊದಲೇ ಆ ಮನೆ ಮೂವತ್ತೆರಡು ವರ್ಷದ ಕರೆಂಟಿನಷ್ಟು ಹೊಗೆ ಬಿಟ್ಟು ಆಗಿದೆ. ಸಾಲ ಮಾಡಿ ಒಡವೆ ತಂದು, ಬಡ್ಡಿ ಲೆಕ್ಕ ಮಾತ್ರ ತೋರಿಸಿ "ನೋಡಿ ಎಷ್ಟು ಕಮ್ಮಿ" ಅಂದ ಹಾಗೆ.

"ಆದರೆ ಸೋಲಾರ್ ಅದನ್ನು ತೀರಿಸುತ್ತಲ್ಲ ಅಕ್ಕಾ?" ತೀರಿಸುತ್ತದೆ. 3 ಕಿಲೋವ್ಯಾಟ್ ವರ್ಷಕ್ಕೆ 4300 ಯೂನಿಟ್ ಕೊಟ್ಟರೆ ಮೂರು ಟನ್ ಉಳಿಯಿತು ಅಂದುಕೊಳ್ಳಿ. ಹದಿನೆಂಟು ವರ್ಷದಲ್ಲಿ ಸಿಮೆಂಟು ಕಂಬಿಯ ಹೊಗೆ ತೀರಿತು. ಗ್ರಿಡ್ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಾ ಹೋದರೆ ಪ್ರತಿ ಯೂನಿಟ್‌ಗೆ ಉಳಿಯುವುದೂ ಕಡಿಮೆಯಾಗುತ್ತಾ ಹೋಗುತ್ತದೆ, ಆಗ ಇನ್ನೂ ಒಂದಷ್ಟು ವರ್ಷ ಸೇರಿಸಬೇಕು. ಅದೂ ಹೋಗಲಿ. ನನ್ನ ಪ್ರಶ್ನೆ ಬೇರೆ. ಆ ಪ್ಯಾನಲ್‌ಗೆ ಕೆಳಗಿರುವ ಮನೆ ಹಳೆಯದಾ ಹೊಸದಾ ಅಂತ ಗೊತ್ತಾಗುತ್ತಾ? ಅಪ್ಪನ ಮನೆಯ ತಾರಸಿ ಮೇಲೆ ಹಾಕಿದರೂ ಅದೇ 4300 ಯೂನಿಟ್. ಮೊದಲ ವರ್ಷದಿಂದಲೇ ಮೂರು ಟನ್ ಉಳಿತಾಯ, 55 ಟನ್ ಖರ್ಚಿಲ್ಲ. ಕೆಡವಿ ಕಟ್ಟುವ ಮನೆ ತನ್ನ ಸೊನ್ನೆಯನ್ನು ಸಂಪಾದಿಸಿದ್ದು ಪ್ಯಾನಲ್‌ನಿಂದ. ಆ ಪುಣ್ಯದಲ್ಲಿ ಹೊಸ ಮನೆಯ ಪಾಲು ಏನೂ ಇಲ್ಲ.

ನನ್ನ ತಮ್ಮ ಕಂಪನಿ ಕಡೆಯಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸ್ವಲ್ಪ ಕಾಲ ಇದ್ದವನು. ಅವನಿಗೆ ಈ ಹುಚ್ಚು ಹಿಡಿದಿದ್ದು ಅಲ್ಲೇ. ಅಲ್ಲಿನ ಮಾತು ಬೇರೆ ಅಂತ ನಾನೂ ಒಪ್ಪುತ್ತೇನೆ. ಅಲ್ಲಿ ಒಂದು ಸಾಧಾರಣ ಮನೆಗೆ ವರ್ಷಕ್ಕೆ 11,500 ಯೂನಿಟ್‌ನಷ್ಟು ಗ್ಯಾಸ್ ಬೇಕು ಅಂತ ಅವರ ಗ್ಯಾಸ್-ಕರೆಂಟು ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2023ರಲ್ಲಿ ಲೆಕ್ಕ ಹಿಡಿದಿತ್ತು. ಬಹುಪಾಲು ಚಳಿ ಕಾಯಿಸಲು, ಉಳಿದದ್ದು ಬಿಸಿನೀರಿಗೆ. ಅದೊಂದೇ ವರ್ಷಕ್ಕೆ ಎರಡು ಟನ್. ಗೋಡೆಗೆ ದಪ್ಪ ಹೊದಿಕೆ ಹಾಕಿ, ಕಿಟಕಿಗೆ ಎರಡು ಮೂರು ಪದರ ಗಾಜು ಹಾಕಿ, ಸಂದಿಗಳನ್ನು ಮುಚ್ಚಿದರೆ ಆ ಎರಡು ಟನ್‌ನಲ್ಲಿ ಬಹುಪಾಲು ನಿಲ್ಲುತ್ತದೆ. ಅಂಥ ಊರಲ್ಲಿ ಹೊಸದಾಗಿ ಮನೆ ಕಟ್ಟಲೇಬೇಕು ಅಂದಾಗ ಅದನ್ನು ಹಾಗೇ ಕಟ್ಟು ಅನ್ನೋದು ಸರಿಯಾದ ಮಾತು.

ಆದರೂ ಅಲ್ಲಿ ಏನಾಯಿತು ಅಂತ ನೋಡಿ. 2006ರ ಡಿಸೆಂಬರ್‌ನಲ್ಲಿ ಆಗಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್, 2016ರಿಂದ ಕಟ್ಟುವ ಪ್ರತಿ ಹೊಸ ಮನೆಯೂ ಝೀರೋ ಕಾರ್ಬನ್ ಆಗಿರಬೇಕು ಅಂತ ಘೋಷಿಸಿದರು. 2007ರಲ್ಲಿ ಅಂಥ ಮನೆ ಕೊಂಡವರಿಗೆ ಸ್ಟಾಂಪ್ ಡ್ಯೂಟಿಯಲ್ಲಿ ವಿನಾಯಿತಿಯನ್ನೂ ಕೊಟ್ಟರು. ಅದನ್ನು ಪಡೆದುಕೊಂಡವರು ಬಹಳ ಕಡಿಮೆ. ಆಮೇಲೆ ಶುರುವಾಯಿತು 'ಝೀರೋ' ಅಂದರೆ ಯಾವುದೆಲ್ಲ ಸೇರಿ ಝೀರೋ ಅನ್ನೋ ಜಗಳ. 2011ರಲ್ಲಿ ಟಿವಿ, ಫ್ರಿಜ್, ಅಡುಗೆ ಇವುಗಳ ಕರೆಂಟನ್ನು ಲೆಕ್ಕದಿಂದ ತೆಗೆದರು. ಸಿಮೆಂಟು ಇಟ್ಟಿಗೆ ಮೊದಲಿನಿಂದಲೂ ಲೆಕ್ಕದಲ್ಲಿರಲಿಲ್ಲ. ಕೊನೆಗೆ 2015ರ ಜುಲೈನಲ್ಲಿ, ಜಾರಿಗೆ ಬರಲು ಕೆಲವೇ ತಿಂಗಳಿರುವಾಗ, ಬೇರೆ ಸರ್ಕಾರ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಆಗಿನಿಂದ ಕಟ್ಟಿದ ಲಕ್ಷಾಂತರ ಮನೆಗಳಿಗೆ ಮತ್ತೆ ಗ್ಯಾಸ್ ಬಾಯ್ಲರ್ರೇ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಯೋಜನೆ ಉಳಿದಿದ್ದರೂ ಅದು ಮುಟ್ಟುತ್ತಿದ್ದದ್ದು ವರ್ಷಕ್ಕೆ ಒಂದೂವರೆ ಎರಡು ಲಕ್ಷ ಹೊಸ ಮನೆಗಳನ್ನು. ಅಲ್ಲಿ ಆಗಲೇ ಕಟ್ಟಿ ನಿಂತಿರುವ ಮನೆಗಳು ಎರಡೂವರೆ ಕೋಟಿಗೂ ಜಾಸ್ತಿ. ಗಾಳಿ ಸೋರುವ ಆ ಹಳೇ ಮನೆಗಳೇ ಸಮಸ್ಯೆ.

ಅಲ್ಲಿನ ಒಂದು ಪ್ರಯತ್ನ ಮಾತ್ರ ನನಗೆ ಇಷ್ಟ. ಲಂಡನ್ನಿನ ದಕ್ಷಿಣಕ್ಕೆ ಬೆಡ್‌ಜೆಡ್ ಅಂತ ನೂರು ಮನೆಗಳ ಒಂದು ಬಡಾವಣೆ ಇದೆ. 2002ರಲ್ಲಿ ಮುಗಿಯಿತು. ವಾಸ್ತುಶಿಲ್ಪಿ ಬಿಲ್ ಡನ್‌ಸ್ಟರ್. ಅವರು ಮೀಟರ್ ಮಾತ್ರ ನೋಡಲಿಲ್ಲ. ಬೇರೆ ಕಡೆ ಕೆಡವಿದ ಕಟ್ಟಡಗಳ ಉಕ್ಕನ್ನು ತಂದು ಬಳಸಿದರು, ಸಾಮಗ್ರಿಯನ್ನು ಆದಷ್ಟು ಹತ್ತಿರದಿಂದ ತರಿಸಿದರು, ರೈಲ್ವೆ ಸ್ಟೇಷನ್ ಹತ್ತಿರ ಕಟ್ಟಿದರು, ಕಾರು ಕಡಿಮೆಯಾಗುವ ಹಾಗೆ ವ್ಯವಸ್ಥೆ ಮಾಡಿದರು. ಮರದ ಚಕ್ಕೆ ಸುಟ್ಟು ಕರೆಂಟು ಮತ್ತು ಬಿಸಿನೀರು ಎರಡೂ ಕೊಡುವ ಯಂತ್ರ ಮಾತ್ರ ಕೈಕೊಟ್ಟಿತು. ಆಮೇಲೆ ಗ್ಯಾಸ್ ಬಾಯ್ಲರ್ ಬಂತು. ಅಂದರೆ ಸೊನ್ನೆ ಆಗಲಿಲ್ಲ. ಆದರೂ ಚೆನ್ನಾಗಿ ಕಟ್ಟಿದ ಗೋಡೆ, ಕಿಟಕಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿವೆ. ಯಂತ್ರ ಕೆಡುತ್ತದೆ, ಗೋಡೆ ಕೆಡುವುದಿಲ್ಲ. ಇದನ್ನು ನಮ್ಮ ಮೇಸ್ತ್ರಿಗೆ ಹೇಳಿದರೆ "ಇದು ಹೇಳೋಕೆ ಲಂಡನ್ನಿಗೆ ಹೋಗ್ಬೇಕಾ ಮೇಡಂ" ಅಂತಾರೆ.

ಮೈಸೂರು ಸಮುದ್ರಮಟ್ಟದಿಂದ 760 ಮೀಟರ್ ಮೇಲಿದೆ. ಡಿಸೆಂಬರ್‌ನಲ್ಲಿ ಒಂದು ಸ್ವೆಟರ್, ಏಪ್ರಿಲ್‌ನಲ್ಲಿ ಒಂದು ಫ್ಯಾನ್. ಇಲ್ಲಿ ಮನೆಯ ಕರೆಂಟು ಹೋಗೋದು ಗೀಸರ್‌ಗೆ, ಫ್ರಿಜ್‌ಗೆ, ನೀರಿನ ಮೋಟಾರ್‌ಗೆ. ಅದರಲ್ಲೂ ಗೀಸರ್ ದೊಡ್ಡದು. ಅದಕ್ಕೆ ನಮ್ಮ ರಾಜ್ಯ ಆಗಲೇ ಉತ್ತರ ಕಂಡುಕೊಂಡಿದೆ, ಸೋಲಾರ್ ವಾಟರ್ ಹೀಟರ್. ತಾರಸಿ ಮೇಲೆ ಕರಿ ಬಣ್ಣದ ಪೆಟ್ಟಿಗೆ, ಪಕ್ಕದಲ್ಲಿ ಉದ್ದನೆಯ ಟ್ಯಾಂಕು. ಬೆಂಗಳೂರು ಮೈಸೂರಿನಲ್ಲಿ ಯಾವ ತಾರಸಿ ಹತ್ತಿ ನೋಡಿದರೂ ಕಾಣುತ್ತದೆ. ಯಾರೂ ಅದಕ್ಕೆ ಝೀರೋ ಕಾರ್ಬನ್ ಅಂತ ಹೆಸರಿಡಲಿಲ್ಲ, ಸುಮ್ನೆ ಹಾಕಿಸಿಕೊಂಡರು.

ಇಲ್ಲಿ ಒಂದು ಮಾತು ಒಪ್ಪಬೇಕು. ನನ್ನ ಲೆಕ್ಕ ಮೈಸೂರಿಗೆ ಸರಿ. ರಾಯಚೂರು, ಕಲಬುರಗಿಗೆ ಇದನ್ನೇ ಹಿಡಿದುಕೊಂಡು ಹೋದರೆ ಅಲ್ಲಿಯವರು ನಗುತ್ತಾರೆ. 42 ಡಿಗ್ರಿಯಲ್ಲಿ ಆರ್‌ಸಿಸಿ ತಾರಸಿಯ ಕೆಳಗೆ ಫ್ಯಾನ್ ಹಾಕಿದರೆ ಬರೀ ಬಿಸಿಗಾಳಿ. ಅಲ್ಲಿ ಎಸಿ ಬರುತ್ತದೆ, ಬಂದೇ ಬರುತ್ತದೆ. ದಿನಕ್ಕೆ ಏಳೆಂಟು ಗಂಟೆ, ನಾಲ್ಕು ತಿಂಗಳು ಅಂದರೆ ಒಂದು ಎಸಿಗೇ ಸಾವಿರ ಯೂನಿಟ್ ದಾಟುತ್ತದೆ. ಮೂರು ರೂಮಿಗೆ ಮೂರು ಎಸಿ ಅಂದರೆ ನನ್ನ ಮೂವತ್ತೆರಡು ವರ್ಷದ ಲೆಕ್ಕ ಹದಿನೈದಕ್ಕೆ ಇಳಿಯುತ್ತದೆ. ಅಲ್ಲಿ ತಾರಸಿಗೆ ಬಿಳಿ ಬಣ್ಣ, ಪಶ್ಚಿಮದ ಗೋಡೆಗೆ ನೆರಳು, ಆಳವಾದ ಸಜ್ಜಾ ಇವೆಲ್ಲ ದೊಡ್ಡ ವಿಷಯ. ಮೈಸೂರಿನಲ್ಲೂ ಎಸಿ ಬರುತ್ತಿದೆ ಅನ್ನಿ. ಹೊಸ ಮನೆಗಳಿಗೆ ಮುಂಭಾಗಕ್ಕೆ ಎರಡು ಮಹಡಿ ಎತ್ತರದ ಗಾಜು ಹಾಕಿಸಿ, ಸಜ್ಜಾ ಬೇಡ ಲುಕ್ ಕೆಡುತ್ತೆ ಅಂದು, ಆಮೇಲೆ ಸೆಖೆ ಅಂದರೆ ಏನು ಮಾಡೋದು. ತಮ್ಮನ ಪಿಡಿಎಫ್‌ನಲ್ಲೂ ಅಂಥದ್ದೊಂದು ಗಾಜು ಇದೆ. ಪಶ್ಚಿಮಕ್ಕೆ.

ಕೇಂದ್ರ ಸರ್ಕಾರ 2018ರಲ್ಲಿ ಇಕೋ ನಿವಾಸ್ ಸಂಹಿತೆ ಅಂತ ವಸತಿ ಕಟ್ಟಡಗಳಿಗೆ ಒಂದು ನಿಯಮಾವಳಿ ತಂದಿತು. ಗೋಡೆ, ಕಿಟಕಿ, ತಾರಸಿಯಿಂದ ಬಿಸಿ ಎಷ್ಟು ಒಳಗೆ ಬರಬಹುದು ಅನ್ನೋದಕ್ಕೆ ಮಿತಿ ಹಾಕಿದ್ದು ಅದು. ಒಳ್ಳೆಯ ಶುರು. ಆದರೆ ಆಗ ಅದೂ ಸಿಮೆಂಟ್ ಮೂಟೆಯ ವಿಷಯಕ್ಕೆ ಹೋಗಲಿಲ್ಲ.

ಮೂಟೆಯ ವಿಷಯಕ್ಕೆ ಹೋದವರು ನಮ್ಮಲ್ಲೇ ಇದ್ದರು, ಅದೂ ಯಾವಾಗ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರುಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅವರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ ಇತ್ತು. ಸೌದೆ ಉಳಿಸುವ ಅಸ್ತ್ರ ಒಲೆ ಹೆಸರು ಕೇಳಿರುತ್ತೀರಿ. ಅಲ್ಲೇ ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಬೇಕಾದಷ್ಟು ಮರಳು, ನೂರಕ್ಕೆ ಏಳೆಂಟು ಭಾಗ ಸಿಮೆಂಟ್, ಹದವಾಗಿ ನೀರು. ಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರು ಚಿಮುಕಿಸಿ ಕ್ಯೂರಿಂಗ್. ಗೂಡಿಲ್ಲ, ಸೌದೆ ಇಲ್ಲ. ಮನೆ ಪಾಯ ತೋಡಿದ ಮಣ್ಣೇ ಎಷ್ಟೋ ಸಲ ಸಾಕಾಗುತ್ತದೆ.

ನಾನು ಒಂದು ಸೈಟಿನಲ್ಲಿ ಈ ಕೆಲಸ ಪೂರ್ತಿ ನೋಡಿದ್ದೇನೆ. ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಮಣ್ಣನ್ನು ಜರಡಿ ಹಿಡಿಯಬೇಕು. ತೇವ ಸರಿಯಿದೆಯಾ ಅಂತ ಅಂಗೈಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡುತ್ತಾರೆ. ಉಂಡೆ ಹಾಗೇ ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಪುಡಿಯಾದರೆ ಕಡಿಮೆ, ನಾಲ್ಕೈದು ತುಂಡಾದರೆ ಸರಿ. ಮರ್ದಿನಿ ಅಂತ ಕೈಯಲ್ಲಿ ಒತ್ತುವ ಯಂತ್ರ, ಅದರ ಉದ್ದನೆಯ ಹಿಡಿಗೆ ಇಬ್ಬರು ಜೋತುಬಿದ್ದು ಎಳೆಯುತ್ತಾರೆ. ಬಂದ ಇಟ್ಟಿಗೆ ಎಷ್ಟು ನಯ ಅಂದರೆ ಒಳಗೂ ಹೊರಗೂ ಪ್ಲಾಸ್ಟರಿಂಗ್ ಬೇಡ ಅನ್ನಿಸುತ್ತದೆ. ಪ್ಲಾಸ್ಟರಿಂಗ್ ಬೇಡ ಅಂದರೆ ಮತ್ತಷ್ಟು ಮೂಟೆ ಉಳಿಯಿತು. ಆ ಮನೆಯ ಎಸ್ಟಿಮೇಟ್‌ನಲ್ಲಿ ಪ್ಲಾಸ್ಟರಿಂಗ್ ಸಾಲಿನಲ್ಲಿ ನಾನು ಬರೆದ ಅಂಕಿ ನೋಡಿ ನಮ್ಮ ಕಂಟ್ರಾಕ್ಟರ್ "ಒಂದು ಸೊನ್ನೆ ಬಿಟ್ಟುಹೋಗಿದೆ" ಅಂದಿದ್ದರು. ಬಿಟ್ಟುಹೋಗಿರಲಿಲ್ಲ, ಅಷ್ಟೇ ಇತ್ತು.

2003ರಲ್ಲಿ ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಸೇರಿ ಕಟ್ಟಡ ಸಾಮಗ್ರಿಗೆ ತಗಲುವ ಶಕ್ತಿಯ ಲೆಕ್ಕ ಪ್ರಕಟಿಸಿದರು. ಮಣ್ಣಿನ ಇಟ್ಟಿಗೆ, ಫಿಲ್ಲರ್ ಸ್ಲ್ಯಾಬ್ (ನಡುನಡುವೆ ಹೆಂಚು ಇಟ್ಟು ಕಾಂಕ್ರೀಟ್ ಉಳಿಸುವ ತಾರಸಿ) ಇಂಥವನ್ನು ಬಳಸಿ ಕಟ್ಟಿದರೆ ಶಕ್ತಿಯ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಅದರ ಸಾರ. ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಆಫೀಸಿಗೆ ಬರುವ ಪ್ಲಾನ್‌ಗಳಲ್ಲಿ ಅಂಥದ್ದು ಅಪರೂಪ.

ಬದಲಿಗೆ ಏನಾಗಿದೆ ಅಂದರೆ, ಪಿಲ್ಲರ್ ಇಲ್ಲದ ಮನೆ ಮನೆಯೇ ಅಲ್ಲ ಅನ್ನೋ ಹಾಗಾಗಿದೆ. 30-40 ಸೈಟಿನಲ್ಲಿ ಎರಡು ಮಹಡಿಗೆ, ಗಟ್ಟಿ ಮಣ್ಣಿದ್ದರೆ, ಒಂಬತ್ತು ಇಂಚಿನ ಗೋಡೆಯೇ ಭಾರ ಹೊರುತ್ತದೆ. ಅಪ್ಪನ ಮನೆ ಹಾಗೇ ನಿಂತಿದೆ. ಆದರೆ ಮನೆ ಕಟ್ಟಿಸುವಾಗ ನೋಡಲು ಬಂದ ಭಾವಮೈದುನ ಕೇಳುವ ಮೊದಲ ಪ್ರಶ್ನೆ, "ಪಿಲ್ಲರ್ ಹಾಕ್ಸಿಲ್ವಾ?" ಅಷ್ಟು ಸಾಕು, ಮಾಲೀಕರಿಗೆ ರಾತ್ರಿ ನಿದ್ದೆ ಬರಲ್ಲ. ಮಾರನೇ ದಿನ ಹನ್ನೆರಡು ಪಿಲ್ಲರ್. ಪಿಲ್ಲರ್ ಹಾಕಿದ ಮೇಲೂ ಗೋಡೆ ಬೇಕಲ್ಲ, ಅದನ್ನೂ ಕಟ್ಟುತ್ತಾರೆ. ಒಂದೇ ಭಾರಕ್ಕೆ ಎರಡೆರಡು ವ್ಯವಸ್ಥೆ. ಆಮೇಲೆ ಮುಂದೆ ಮೂರನೇ ಮಹಡಿ ಬಾಡಿಗೆಗೆ ಕಟ್ಟಬಹುದು ಅಂತ ಫೂಟಿಂಗ್ ಇನ್ನೊಂದು ಅಡಿ ಅಗಲ. ಆ ಮೂರನೇ ಮಹಡಿ ಎಷ್ಟೋ ಮನೆಗಳಲ್ಲಿ ಬರೋದೇ ಇಲ್ಲ. ತಾರಸಿ ಮೇಲೆ ತುಕ್ಕು ಹಿಡಿದ ಕಂಬಿ ಕೂದಲಿನ ಹಾಗೆ ಎದ್ದು ನಿಂತಿರುತ್ತದೆ, ನಿಮ್ಮ ಬೀದಿಯಲ್ಲೂ ಇರುತ್ತದೆ, ನೋಡಿ.

ಭೂಕಂಪದ ವಲಯ, ಕಪ್ಪು ಮಣ್ಣು, ತುಂಬಿದ ಕೆರೆ ಜಾಗ ಇಂಥ ಕಡೆ ಪಿಲ್ಲರ್ ಬೇಕು, ಎಂಜಿನಿಯರ್ ಹೇಳಿದರೆ ಹಾಕಲೇಬೇಕು. ನಾನು ಮಾತಾಡುತ್ತಿರೋದು ಭಾವಮೈದುನ ಹೇಳಿದ್ದಕ್ಕೆ ಹಾಕುವ ಪಿಲ್ಲರ್ ಬಗ್ಗೆ.

ಇದನ್ನೆಲ್ಲ ಒಂದು ಭಾನುವಾರ ಅಮ್ಮನ ಮನೆಯಲ್ಲಿ ತಮ್ಮನಿಗೆ ವಿವರಿಸುತ್ತಿದ್ದೆ. ಅಮ್ಮ ಒಳಗಿಂದ ಕರೆಂಟು ಬಿಲ್ ತಂದು ಮುಂದಿಟ್ಟರು. "ನಮ್ಮನೆ ಆಗಲೇ ಝೀರೋ ಕಣೋ." ಗೃಹಜ್ಯೋತಿ. 2023ರಲ್ಲಿ ಬಂದಾಗಿನಿಂದ 200 ಯೂನಿಟ್ ಒಳಗೆ ಉಚಿತ. ಅಮ್ಮನ ಬಳಕೆ ಅದರ ಅರ್ಧವೂ ಇಲ್ಲ. ನಾವು ನಕ್ಕೆವು, ಆದರೆ ಅದರಲ್ಲಿ ಒಂದು ಗಂಭೀರ ಸಿಕ್ಕು ಇದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಸರ್ಕಾರ ಸೋಲಾರ್ ಹಾಕಿಸಿಕೋ, ಬಿಲ್ ಸೊನ್ನೆ ಆಗುತ್ತೆ ಅನ್ನುತ್ತದೆ. ಇನ್ನೊಂದು ಸರ್ಕಾರ ಏನೂ ಹಾಕಿಸದೆಯೇ ಬಿಲ್ ಸೊನ್ನೆ ಮಾಡಿದೆ. ಬಿಲ್ಲೇ ಬರದವರು ಕೈಯಿಂದ ಲಕ್ಷ ಹಾಕಿ ಪ್ಯಾನಲ್ ಯಾಕೆ ಕೂರಿಸುತ್ತಾರೆ? ಗೃಹಜ್ಯೋತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ಮನೆಯಲ್ಲಿ ಎರಡು ಬಲ್ಬು ಒಂದು ಮಿಕ್ಸಿ ಇಟ್ಟುಕೊಂಡವರಿಗೆ ಅದು ನಿಜವಾದ ಉಪಕಾರ. ಆದರೆ ಸ್ವಂತ ತಾರಸಿ ಇರುವವರಿಗೆ ಆ ದುಡ್ಡನ್ನು ಒಮ್ಮೆಗೇ ಪ್ಯಾನಲ್ ರೂಪದಲ್ಲಿ ಕೊಡಬಹುದಿತ್ತಲ್ಲ ಅನ್ನಿಸುತ್ತದೆ.

ಇನ್ನೊಂದು ಲೆಕ್ಕ ಹಾಕಿ ತೋರಿಸಿದಾಗ ತಮ್ಮನ ಮುಖ ಸ್ವಲ್ಪ ಸಪ್ಪಗಾಯಿತು. ಮನೆ ಆದ ಮೇಲೂ ಕೆಲವು ವರ್ಷ ಅವನು ಬೆಂಗಳೂರಿನಲ್ಲೇ ಇದ್ದು ವಾರಕ್ಕೊಮ್ಮೆ ಬಂದು ಹೋಗುವ ಯೋಚನೆ. ಎಕ್ಸ್‌ಪ್ರೆಸ್‌ವೇ ಆದಮೇಲೆ ಕಾರೇ. ಹೋಗಿ ಬರಲು 290 ಕಿ.ಮೀ., ಲೀಟರಿಗೆ 15 ಕೊಟ್ಟರೂ 19 ಲೀಟರ್ ಪೆಟ್ರೋಲ್. ಒಂದು ಲೀಟರ್ ಸುಟ್ಟರೆ 2.3 ಕೆ.ಜಿ. ಒಂದು ಸಲಕ್ಕೆ 44 ಕೆ.ಜಿ. ವರ್ಷದಲ್ಲಿ ನಲವತ್ತು ವಾರ ಬಂದರೆ 1.7 ಟನ್ ದಾಟುತ್ತದೆ. ಇಡೀ ಮನೆಯ ಕರೆಂಟಿನಷ್ಟೇ. ಮನೆ ಝೀರೋ, ಗೇಟಿನ ಹೊರಗೆ ನಿಂತ ಕಾರು ಲೆಕ್ಕಕ್ಕಿಲ್ಲ. "ಹಾಗಂತ ಬರೋದು ಬಿಡ್ಲಾ?" ಅಂದ. "ರೈಲು ಇದೆಯಲ್ಲೋ" ಅಂದೆ. ಮೈಸೂರು-ಬೆಂಗಳೂರು ಲೈನಿನಲ್ಲಿ ಈಗ ಕರೆಂಟು ರೈಲು. "ನಿಂಗೊತ್ತಲ್ಲ ಅಕ್ಕಾ, ಮಕ್ಕಳ ಸಾಮಾನು" ಅಂದ. ಅಲ್ಲಿಗೆ ಬಿಟ್ಟೆ.

ನಾನು ಮನೆ ಕಟ್ಟಬೇಡಿ ಅನ್ನುವ ಪೈಕಿ ಅಲ್ಲ. ಕಟ್ಟದಿದ್ದರೆ ನನಗೆ ಸಂಬಳ ಇಲ್ಲ. ಅದೂ ಅಲ್ಲದೆ ಈ ದೇಶದಲ್ಲಿ ಸೂರಿಲ್ಲದವರು, ತಗಡಿನ ಕೆಳಗೆ ಇರುವವರು ಕೋಟಿಗಟ್ಟಲೆ ಇದ್ದಾರೆ. ಅವರ ಮನೆ ಏಳಲೇಬೇಕು. ಅವರಿಗೆ ನಾಲ್ಕು ಚದರದ ಮನೆಗೆ ಹೋಗುವ ಸಿಮೆಂಟನ್ನು ಯಾವ ಬಾಯಲ್ಲಿ ಬೇಡ ಅನ್ನೋದು? ಝೀರೋ ಅನ್ನೋ ಪದವಿ ಸಿಗಬೇಕಾಗಿದ್ದು ಅಂಥ ಮನೆಗಳಿಗೆ. ಸಿಗುತ್ತಿರೋದು ಮಾತ್ರ 24 ಚದರದವರಿಗೆ, ತಾರಸಿ ದೊಡ್ಡದಿದೆ, ಪ್ಯಾನಲ್ ಜಾಸ್ತಿ ಹಿಡಿಯುತ್ತೆ ಅನ್ನೋ ಕಾರಣಕ್ಕೆ. ಮೀಟರ್ ಒಂದನ್ನೇ ನೋಡುವ ಈ ಲೆಕ್ಕದಲ್ಲಿ ಮನೆ ದೊಡ್ಡದಾದಷ್ಟೂ ಸೊನ್ನೆ ಸುಲಭ. ನನಗೆ ಸಿಟ್ಟು ಬರೋದು ಇಲ್ಲೇ.

ನಗರಪಾಲಿಕೆಗೆ ಪ್ಲಾನ್ ಮಂಜೂರಾತಿಗೆ ಕೊಡುವಾಗ ಸೆಟ್‌ಬ್ಯಾಕ್ ಕೇಳುತ್ತಾರೆ, ಮಳೆನೀರು ಕೊಯ್ಲು ಕೇಳುತ್ತಾರೆ. ಜೊತೆಗೆ ಸಿಮೆಂಟ್ ಎಷ್ಟು ಮೂಟೆ, ಕಂಬಿ ಎಷ್ಟು ಟನ್ ಅಂತ ಎರಡು ಸಾಲು ಕೇಳಲಿ. ಆ ಅಂಕಿ ಪ್ರತಿ ಕಂಟ್ರಾಕ್ಟರ್ ಹತ್ತಿರ ಆಗಲೇ ಇರುತ್ತದೆ, ನನ್ನಂಥವರು ಬರೆದಿಟ್ಟಿರುತ್ತೇವೆ. ಹೊಸದಾಗಿ ಯಾರೂ ಅಧ್ಯಯನ ಮಾಡಬೇಕಿಲ್ಲ. ಚದರಕ್ಕೆ ಇಷ್ಟಕ್ಕಿಂತ ಜಾಸ್ತಿ ಆದರೆ ಫೀಸು ಜಾಸ್ತಿ, ಗಟ್ಟಿಯಾಗಿರುವ ಹಳೇ ಮನೆ ಕೆಡವಿದರೆ ಇನ್ನಷ್ಟು ಜಾಸ್ತಿ ಅಂತ ಮಾಡಿದರೆ, ಭಾವಮೈದುನ ಕೂಡ ಪಿಲ್ಲರ್ ಬಗ್ಗೆ ಯೋಚನೆ ಮಾಡಿ ಮಾತಾಡುತ್ತಾರೆ.

ಅಪ್ಪನ ಮನೆಯ ಪಕ್ಕ, ಕಾಂಪೌಂಡ್ ಕಡೆಗೆ, ಗುಂಡಿ ತೋಡಿಸಿ ಅಡಿಪಾಯ ನೋಡಿದ್ದೇವೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಮೇಲೆ ಹಗುರವಾಗಿ ಒಂದು ಮಹಡಿ ತಡೆಯುತ್ತದೆ ಅಂದಿದ್ದಾರೆ. ತಮ್ಮ ಕೆಡವುವ ಮಾತು ಸದ್ಯಕ್ಕೆ ಬಿಟ್ಟಿದ್ದಾನೆ. ಪೂರ್ತಿ ಮನಸ್ಸಿನಿಂದ ಅಲ್ಲ, ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು ಅನ್ನೋದೇ ಮುಖ್ಯ ಕಾರಣ ಅಂತ ನನ್ನ ಗುಮಾನಿ. ಮೇಲೆ ಎಂಟು ಚದರ, ಮಣ್ಣಿನ ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ತಾರಸಿಗೆ ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸ ಇರುವುದಿಲ್ಲ, ಎಳೆತ ತಡೆಯೋದು ಕಂಬಿ. ಆ ಜಾಗದಲ್ಲಿ ಕಂಬಿಗಳ ನಡುವೆ ಹೆಂಚು ಇಟ್ಟು ಕಾಂಕ್ರೀಟ್ ಉಳಿಸೋದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿದ್ದರು. ಹಿಂದಿನ ಬಚ್ಚಲು ಮನೆಯ ಮಂಗಳೂರು ಹೆಂಚು ಇಳಿಸಿ ಅದನ್ನೇ ಹಾಕೋಣ ಅಂತಿದ್ದೇವೆ. ನನ್ನ ಎಸ್ಟಿಮೇಟ್ ಪ್ರಕಾರ 240 ಮೂಟೆ ಸಿಮೆಂಟ್, ಒಂದೂವರೆ ಟನ್ ಚಿಲ್ಲರೆ ಕಂಬಿ. ಎಲ್ಲ ಸೇರಿ 12 ಟನ್ ಹೊಗೆ. 3 ಕಿಲೋವ್ಯಾಟ್ ಪ್ಯಾನಲ್ ಅದರ ಮೇಲೇ ಬರುತ್ತದೆ, ನಾಲ್ಕು ವರ್ಷದಲ್ಲಿ ತೀರುತ್ತದೆ.

ಮೇಸ್ತ್ರಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. ಸ್ಲ್ಯಾಬಿನೊಳಗೆ ಹೆಂಚು ಅಂದರೆ ಅವರಿಗೆ ತಮಾಷೆ. ಒಂದು ಸಣ್ಣ ತುಂಡು ಎರಕ ಹಾಕಿ, ಮೇಲೆ ಮರಳಿನ ಮೂಟೆ ಪೇರಿಸಿ ತೋರಿಸುತ್ತೇನೆ ಅಂದಿದ್ದೇನೆ. "ಎಷ್ಟು ಮೂಟೆ ಇಡ್ತೀರಿ?" ಅಂತ ಕೇಳಿದ್ದಾರೆ.